ಮೂರನೇ ಜನರೇಷನ್ ಐ5, ಪೆಂಟಿಯಂ ಗೋಲ್ಡ್, ಎಂ1: ಯಾವುದರಲ್ಲಿ ಏನು ಓಡುತ್ತದೆ?

ಎಸ್‌ಪಿ ರೋಡಲ್ಲಿ ಸೆಕೆಂಡ್ ಹ್ಯಾಂಡ್ ಪಿಸಿ ಕೇಳಿದರೆ ಮೊದಲ ಪ್ರಶ್ನೆಯೇ "ಎಷ್ಟನೇ ಜನರೇಷನ್ ಬೇಕು ಸಾರ್?" ಅಂತ. ಹೊಸ ಜನರೇಷನ್ ಆದರೆ ಎಲ್ಲಾ ಸಾಫ್ಟ್‌ವೇರೂ ಓಡುತ್ತದೆ ಅನ್ನುವ ಲೆಕ್ಕ. ದಯವಿಟ್ಟು ಆ ಲೆಕ್ಕ ನಂಬಿ ದುಡ್ಡು ಕೊಡಬೇಡಿ.

ಅಕ್ಕನ ಮಗಳು ಇಂಜಿನಿಯರಿಂಗ್ ಓದುತ್ತಿದ್ದಾಳೆ. ಅವಳ ಮೆಷಿನ್ ಲರ್ನಿಂಗ್ ಪ್ರಾಜೆಕ್ಟಿಗೆ ಅಂತ ಮೂರು ಪ್ರೊಸೆಸರ್‌ಗಳ ಮೇಲೆ ಒಂದೇ ಕೆಲಸ ಓಡಿಸಿ ನೋಡಿದೆ. ಇಂಟೆಲ್‌ನ 2012ರ ಕೋರ್ ಐ5-3470 (ಇದೇ ಮೂರನೇ ಜನರೇಷನ್), 2018ರ ಪೆಂಟಿಯಂ ಗೋಲ್ಡ್ ಜಿ5400, ಆಪಲ್‌ನ 2020ರ ಎಂ1 ಮ್ಯಾಕ್ ಮಿನಿ.

ಪೆಂಟಿಯಂ ನೋಡೋಕೆ ಚೆನ್ನಾಗಿದೆ. ವಿಂಡೋಸ್ 11 ಬೆಂಬಲಿಸುವ ಪ್ರೊಸೆಸರ್‌ಗಳ ಪಟ್ಟಿಯಲ್ಲೂ ಅದರ ಹೆಸರಿದೆ. ಉಬುಂಟು (ಒಂದು ಬಗೆಯ ಲಿನಕ್ಸ್) ಹಾಕಿ, ಪೈಥಾನ್ ಪ್ಯಾಕೇಜ್‌ಗಳನ್ನು ತಂದುಕೊಡುವ ಪಿಪ್‌ನಿಂದ ಮೆಷಿನ್ ಲರ್ನಿಂಗ್ ಲೈಬ್ರರಿ ಟೆನ್ಸರ್‌ಫ್ಲೋ ಇನ್‌ಸ್ಟಾಲ್ ಮಾಡಿದರೆ ಯಾವ ತಕರಾರೂ ಇಲ್ಲದೆ ಆಗುತ್ತದೆ, ಆಮೇಲೆ ಇಂಪೋರ್ಟ್ ಅಂತ ಬರೆದು ಎಂಟರ್ ಒತ್ತಿದ ತಕ್ಷಣ ಪೈಥಾನ್ ಪೂರ್ತಿ ಬಿದ್ದುಹೋಗುತ್ತದೆ. "ಇಲ್ಲೀಗಲ್ ಇನ್‌ಸ್ಟ್ರಕ್ಷನ್" ಅಂತ ಒಂದೇ ಸಾಲು. ಯಾವ ಫೈಲು, ಯಾವ ಲೈನು, ಏನೂ ಇಲ್ಲ. ಹುಡುಗಿ ರ‍್ಯಾಮ್ ಕೆಟ್ಟಿದೆ ಅಂದುಕೊಂಡಳು. ಕಾರಣ ಎವಿಎಕ್ಸ್, ಅಂದರೆ ಒಂದೇ ಸಲಕ್ಕೆ ಹಲವು ಸಂಖ್ಯೆಗಳ ಲೆಕ್ಕ ಮಾಡುವ ಇನ್‌ಸ್ಟ್ರಕ್ಷನ್‌ಗಳ ಗುಂಪು. 2011ರ ಸ್ಯಾಂಡಿ ಬ್ರಿಡ್ಜ್‌ನಿಂದಲೇ ಕೋರ್ ಐ ಸರಣಿಗೆ ಅದು ಬಂತು, ಆದರೆ ಪೆಂಟಿಯಂ, ಸೆಲೆರಾನ್‌ಗಳಿಗೆ ಇಂಟೆಲ್ ಬಹಳ ವರ್ಷ ಕೊಡಲೇ ಇಲ್ಲ. ಟೆನ್ಸರ್‌ಫ್ಲೋ 1.6ರಿಂದ ಪಿಪ್‌ನಲ್ಲಿ ಸಿಗುವ ರೆಡಿ ಬಿಲ್ಡ್‌ಗೆ ಎವಿಎಕ್ಸ್ ಬೇಕೇ ಬೇಕು. ಮೊಂಗೊಡಿಬಿ ಅನ್ನುವ ಡೇಟಾಬೇಸ್‌ನ 5.0ಕ್ಕೂ ಅಷ್ಟೇ.

ಪೆಂಟಿಯಂಗಿಂತ ಆರು ವರ್ಷ ಹಳೆಯ ಐ5ರಲ್ಲಿ ಇವೆರಡೂ ಓಡಿದವು! ನಿಧಾನ, ನಿಜ. ಟ್ರೇನಿಂಗ್ ಶುರು ಮಾಡಿ ಕಾಫಿ ಕುಡಿದು ಬರಬಹುದು. ಆದರೆ ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಹೆಚ್ಚುಕಮ್ಮಿ ಎಂಟನೇ ಜನರೇಷನ್‌ನಿಂದ ಮೇಲೆ ಮಾತ್ರ ಅಧಿಕೃತ ಬೆಂಬಲ, ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ಹಾಗಾಗಿ ಇದಕ್ಕೆ ಲಿನಕ್ಸೇ ಗತಿ. ಅಲ್ಲೂ ಒಂದು ಮಿತಿ ಇದೆ. ಮೂರನೇ ಜನರೇಷನ್‌ನಲ್ಲಿ ಎವಿಎಕ್ಸ್‌ನ ಮುಂದಿನ ಆವೃತ್ತಿ ಎವಿಎಕ್ಸ್2 ಇಲ್ಲ, ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 10 ಅದನ್ನು ಕೇಳುತ್ತದೆ. ನಾಲ್ಕನೇ ಜನರೇಷನ್ ಐ5ರಲ್ಲಿ ಅದೂ ಇದೆ, ಬೆಲೆಯಲ್ಲಿ ಜಾಸ್ತಿ ವ್ಯತ್ಯಾಸ ಇಲ್ಲದಿದ್ದರೆ ಕಣ್ಣು ಮುಚ್ಚಿ ಅದನ್ನೇ ತಗೊಳ್ಳಿ. ನಾವು ಅದನ್ನೇ ತಂದೆವು.

ಅಂಗಡಿಗೆ ಹೋಗುವಾಗ ಉಬುಂಟು ಹಾಕಿದ ಪೆನ್ ಡ್ರೈವ್ ಜೇಬಲ್ಲಿರಲಿ. ಬೂಟ್ ಮಾಡಿ ಟರ್ಮಿನಲ್‌ನಲ್ಲಿ ಎಲ್‌ಎಸ್‌ಸಿಪಿಯು (lscpu) ಅಂತ ಹೊಡೆದರೆ ಫ್ಲ್ಯಾಗ್ಸ್ ಅನ್ನುವ ಉದ್ದದ ಪಟ್ಟಿ ಬರುತ್ತದೆ, ಅದರಲ್ಲಿ ಎವಿಎಕ್ಸ್ (avx), ಎವಿಎಕ್ಸ್2 (avx2) ಎರಡೂ ಇವೆಯಾ ನೋಡಿ. ವಿಂಡೋಸ್ ಇದ್ದರೆ ಪ್ರೊಸೆಸರ್ ವಿವರ ತೋರಿಸುವ ಸಿಪಿಯು-ಝಡ್ (CPU-Z) ಪ್ರೋಗ್ರಾಮ್ ಸಾಕು.

ಎಂ1ರ ಕಥೆಯೇ ಬೇರೆ, ಅದು ಇಂಟೆಲ್ ಅಲ್ಲ, ಆರ್ಮ್ ಅನ್ನುವ ಬೇರೆ ಬಗೆಯ ಪ್ರೊಸೆಸರ್. ಅದಕ್ಕೆಂದೇ ಮಾಡಿದ ಆರ್ಮ್ ಬಿಲ್ಡ್ ಇದ್ದರೆ ಮೂರರಲ್ಲಿ ಅದೇ ಫಾಸ್ಟು, ಸದ್ದೂ ಇಲ್ಲ, ಬಿಸಿಯೂ ಆಗಲ್ಲ. ತಲೆನೋವು ಶುರುವಾಗೋದು ಗುಂಪಿನಲ್ಲಿ ಕೆಲಸ ಮಾಡುವಾಗ. ಗೆಳತಿ ತನ್ನ ಇಂಟೆಲ್ ಲ್ಯಾಪ್‌ಟಾಪಲ್ಲಿ ಕಟ್ಟಿದ ಡಾಕರ್ ಇಮೇಜ್ (ಪ್ರೋಗ್ರಾಮನ್ನೂ ಅದಕ್ಕೆ ಬೇಕಾದ್ದನ್ನೂ ಒಟ್ಟಿಗೆ ಸೇರಿಸಿದ ಗಂಟು) ಕಳಿಸಿದರೆ ಅದು ಎಮ್ಯುಲೇಷನ್‌ನಲ್ಲೇ, ಅಂದರೆ ಇಂಟೆಲ್ ಪ್ರೊಸೆಸರಿನ ನಕಲು ಮಾಡಿಸಿಯೇ ಓಡಬೇಕು. ಇಂಟೆಲ್‌ಗೆ ಬರೆದ ಪ್ರೋಗ್ರಾಮನ್ನು ಎಂ1ರಲ್ಲಿ ಓಡಿಸುವ ಆಪಲ್‌ನ ರೊಸೆಟ್ಟಾಗೆ ಎವಿಎಕ್ಸ್2 ಬಂದದ್ದೇ ಮ್ಯಾಕ್‌ಓಎಸ್ ಸಿಕ್ವೊಯಾದಲ್ಲಿ, ಅದಕ್ಕೂ ಹಳೆಯ ಮ್ಯಾಕ್‌ಓಎಸ್ ಇದ್ದರೆ ಪೆಂಟಿಯಂನಲ್ಲಿ ಕಂಡ ಅದೇ ಗೋಳು. ಇಮೇಜನ್ನು ಆರ್ಮ್‌ಗೆ ಮತ್ತೆ ಬಿಲ್ಡ್ ಮಾಡಿದರೆ ಸರಿಹೋಗುತ್ತದೆ, ಆದರೆ ಅದಕ್ಕೆ ಗೆಳತಿಯ ಡಾಕರ್‌ಫೈಲ್ (ಇಮೇಜ್ ಕಟ್ಟುವ ಸೂಚನೆಗಳ ಫೈಲು) ಬೇಕು. ಮೊದಲೇ ಕೇಳಿ ಇಸ್ಕೊಳ್ಳಿ.