ಮೈ ತುಂಬಿದ ಗಬ್ಬದ ದನ ಎಂದು 78,000 ರೂಪಾಯಿ ಕೊಟ್ಟೆ, ನೀವು ಕೊಡಬೇಡಿ

ಬರೆಯಬೇಕೋ ಬೇಡವೋ ಎಂದು ಒಂದು ತಿಂಗಳು ಸುಮ್ಮನಿದ್ದೆ. ಹದಿನಾಲ್ಕು ವರ್ಷ ದನ ಸಾಕಿದವಳು, ದಿನವೂ ಸೊಸೈಟಿಗೆ ಹಾಲು ಹಾಕುವವಳು, ನನಗೇ ಟೋಪಿ ಹಾಕಿದರು ಎಂದು ಹೇಳಿಕೊಳ್ಳುವುದಕ್ಕೆ ನಾಚಿಕೆ. ಆದರೆ ನಿನ್ನೆ ಅದೇ ದಲ್ಲಾಳಿ ವಾಟ್ಸಾಪ್ ಸ್ಟೇಟಸ್‌ನಲ್ಲಿ ಇನ್ನೊಂದು ದನದ ಫೋಟೊ ಹಾಕಿದ್ದಾನೆ. ಅದೂ ಹಾಗೆಯೇ ಉರುಟುರುಟಾಗಿದೆ. ಅದನ್ನು ನೋಡಿ ರಾತ್ರಿ ನಿದ್ದೆ ಬರಲಿಲ್ಲ. ಹೆಸರು ಹಾಕುವುದಿಲ್ಲ, ಕಾರ್ಕಳ, ಹೆಬ್ರಿ ಕಡೆ ದನ ಕೊಳ್ಳುವವರಿಗೆ ಇಷ್ಟು ಹೇಳಿದರೆ ಸಾಕು.

ನಾನು ದನ ನೋಡಲು ಹೋದದ್ದು 2024ರ ದೀಪಾವಳಿ ಕಳೆದು ಎರಡು ವಾರಕ್ಕೆ. ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ಎಂಬ ವಿದೇಶಿ ಹಾಲಿನ ತಳಿ) ಮಿಶ್ರತಳಿ, ಮೂರನೇ ಕರುವಿನ ಗಬ್ಬ, ಎಂಟು ತಿಂಗಳು ತುಂಬಿದೆ ಎಂದ. ನಿಜ ಹೇಳುತ್ತೇನೆ, ನೋಡಿದ ಕೂಡಲೇ ಮರುಳಾದೆ. ಪಕ್ಕೆಲುಬು ಒಂದೂ ಕಾಣುವುದಿಲ್ಲ, ಬಾಲದ ಬುಡದಲ್ಲಿ ಎರಡೂ ಕಡೆ ಕೊಬ್ಬು ಗಡ್ಡೆ ಕಟ್ಟಿದೆ, ಬೆನ್ನು ಹಾಸಿಗೆಯ ಹಾಗೆ. ನಮ್ಮ ಹಟ್ಟಿಯ ಎಲುಬು ಎದ್ದ ದನಗಳನ್ನು ನೋಡಿದ ಕಣ್ಣಿಗೆ ಲಕ್ಷ್ಮಿಯೇ ನಿಂತಂತೆ ಕಂಡಿತು. "ಹಾಲು ಬತ್ತಿಸಿ ಹದಿನೈದು ದಿನ ಆಯಿತು ಅಕ್ಕ. ಕಳೆದ ಕರುವಿಗೆ ಹದಿನೆಂಟು ಲೀಟರ್ ಕರೆದಿದ್ದೇವೆ" ಎಂದು ತುಳುವಿನಲ್ಲಿ ಬಾಯಿ ತುಂಬ ಹೇಳಿ, ಮೊಬೈಲಿನಲ್ಲಿ ಹಾಲು ಕರೆಯುವ ವಿಡಿಯೊ ತೋರಿಸಿದ. ನೊರೆ ಉಕ್ಕುವ ಬಕೆಟ್ ನೋಡಿದೆ. ಬಕೆಟ್ ಮಾತ್ರ ನೋಡಿದೆ. ಕೇಳಿ ಆ ವಿಡಿಯೊ ಕಳುಹಿಸಿಕೊಂಡು ಸೊಸೈಟಿಯಲ್ಲಿ ನಾಲ್ಕು ಜನರಿಗೆ ತೋರಿಸಿಯೂ ಬಂದೆ.

ಟೆಂಪೋದಿಂದ ಇಳಿಸುವಾಗಲೇ ಅತ್ತೆ ಅದರ ಸೊಂಟ ಮುಟ್ಟಿ, "ಮೊನ್ನೆಯವರೆಗೆ ಹಾಲು ಕೊಟ್ಟ ದನ ಹೀಗಿರುತ್ತದೆಯಾ?" ಎಂದು ಕೇಳಿದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಈಗ ದಿನಕ್ಕೆ ನಾಲ್ಕು ಸಲ ಅದೇ ಮಾತು ಕೇಳಿಸಿಕೊಳ್ಳುತ್ತಿದ್ದೇನೆ.

ದನದ ಜೊತೆಗೆ ಎರಡು ಕ್ಯಾನ್ ಕ್ಯಾಲ್ಸಿಯಂ ಟಾನಿಕ್ಕನ್ನೂ ಅವನೇ ಮಾರಿದ. "ಕರು ಹಾಕುವವರೆಗೆ ದಿನಾ ಕೊಡಿ, ಹಾಲು ಜ್ವರ ಹತ್ತಿರ ಸುಳಿಯುವುದಿಲ್ಲ" ಎಂದ. ಕರು ಹಾಕಿದಾಗ ರಕ್ತದಲ್ಲಿ ಕ್ಯಾಲ್ಸಿಯಂ ಇಳಿದು ದನ ಬಿದ್ದುಬಿಡುವ ರೋಗ ಅದು. ಅಕ್ಕಚ್ಚಿನಲ್ಲಿ ಕಲಸಿ ಒಂದು ದಿನವೂ ತಪ್ಪಿಸದೆ ಕೊಟ್ಟೆ. ಡಿಸೆಂಬರ್ 18ರ ಸಂಜೆ ಕರು ಹಾಕಿತು, ಹೆಣ್ಣು ಕರು, ಮನೆಯಲ್ಲಿ ಗಿಣ್ಣು ಕಾಯಿಸಿ ಹಂಚಿದ್ದೂ ಆಯಿತು. ಮರುದಿನ ಬೆಳಿಗ್ಗೆ ಹಟ್ಟಿಗೆ ಹೋದರೆ ದನ ಬಿದ್ದುಕೊಂಡಿದೆ. ಕುತ್ತಿಗೆಯನ್ನು ಹಿಂದಕ್ಕೆ ತಿರುಗಿಸಿ ಪಕ್ಕೆಗೆ ಒರಗಿಸಿದೆ, ಮೂಗು ಒಣಗಿದೆ, ಕಿವಿ ಹಿಡಿದರೆ ತಣ್ಣಗೆ, ಕೊಡದ ನೀರು ಮುಟ್ಟಿದ ಹಾಗೆ. ಸಾಕ್ಷಾತ್ ಹಾಲು ಜ್ವರ. ಜ್ವರ ಎಂದು ಹೆಸರು ಮಾತ್ರ, ಮೈ ಬಿಸಿಯೇ ಇರುವುದಿಲ್ಲ.

ಡಾಕ್ಟರು ಬಂದು ಕ್ಯಾಲ್ಸಿಯಂ ಬಾಟಲಿಯನ್ನು ರಕ್ತನಾಳಕ್ಕೆ ನಿಧಾನವಾಗಿ ಏರಿಸಿದರು, ನಡುನಡುವೆ ಎದೆಬಡಿತ ನೋಡುತ್ತ. ಸ್ವಲ್ಪ ಹೊತ್ತಿಗೆ ತೇಗಿತು, ಸಗಣಿ ಹಾಕಿತು, ಎದ್ದು ನಿಂತಿತು. ಆಮೇಲೆ ಟಾನಿಕ್ ಕ್ಯಾನ್ ನೋಡಿ ನನಗೆ ಬೈದರು. ಗಬ್ಬದ ಕೊನೆಯ ವಾರಗಳಲ್ಲಿ ಹೊರಗಿನಿಂದ ಧಾರಾಳವಾಗಿ ಕ್ಯಾಲ್ಸಿಯಂ ಸುರಿದರೆ, ಎಲುಬಿನಿಂದ ಅದನ್ನು ತೆಗೆದುಕೊಳ್ಳುವ ಅಭ್ಯಾಸವೇ ದನದ ಶರೀರಕ್ಕೆ ತಪ್ಪುತ್ತದಂತೆ. ಕರು ಹಾಕಿದ ದಿನ ಗಿಣ್ಣಿಗೆ ಒಮ್ಮೆಲೇ ಬೇಕಾಗುತ್ತದೆ, ಆಗ ರಕ್ತದಲ್ಲಿ ಇರುವುದಿಲ್ಲ. ಕೊಡುವುದಿದ್ದರೆ ಕರು ಹಾಕಿದ ಮೇಲೆ. ಇದು ನನಗೆ ಗೊತ್ತಿರಬೇಕಿತ್ತು, ಒಪ್ಪುತ್ತೇನೆ. ಆದರೆ ಮಾರಿದವನಿಗೆ ಗೊತ್ತಿರಲಿಲ್ಲವೇ?

ಫೋನ್ ಮಾಡಿದೆ. ಅವನ ಉತ್ತರ: "ಒಳ್ಳೆಯ ಹಾಲಿನ ದನಕ್ಕೇ ಹಾಲು ಜ್ವರ ಬರುವುದು ಅಕ್ಕ. ಖುಷಿಪಡಿ." ಮಾತಿನಲ್ಲಿ ಅರ್ಧ ಸತ್ಯ ಇದ್ದುದರಿಂದಲೇ ನಾನು ಮತ್ತೆ ಸುಮ್ಮನಾದೆ.

ಎರಡು ವಾರ ಕಳೆಯಲಿಲ್ಲ, ಹಿಂಡಿ ಮುಟ್ಟುವುದನ್ನು ಬಿಟ್ಟಿತು. ಬೈಹುಲ್ಲು ತಿನ್ನುತ್ತದೆ, ಹಿಂಡಿಯ ಬಕೆಟ್ ಇಟ್ಟರೆ ಮುಖ ತಿರುಗಿಸುತ್ತದೆ. ಹದಿನೆಂಟು ಲೀಟರ್ ಅಂತೆ! ಎರಡು ಹೊತ್ತು ಸೇರಿ ಹತ್ತು ಬರುತ್ತಿದ್ದದ್ದು ಆರಕ್ಕೆ ಇಳಿಯಿತು. ಮೈ ದಿನದಿಂದ ದಿನಕ್ಕೆ ಕರಗುತ್ತಿತ್ತು. ಹಟ್ಟಿಯಲ್ಲಿ ಒಂದು ವಿಚಿತ್ರ ವಾಸನೆ, ಸಿಹಿಯೂ ಅಲ್ಲ, ಹುಳಿಯೂ ಅಲ್ಲ. ಮಗಳು ದನದ ಮೂತಿಯ ಹತ್ತಿರ ಮೂಸಿ, "ಅಮ್ಮಾ, ನೈಲ್ ಪಾಲಿಶ್ ಅಳಿಸುವ ನೀರಿನ ವಾಸನೆ" ಎಂದಳು. ಅದನ್ನು ಹೇಳಿದ್ದೇ ತಡ, ಡಾಕ್ಟರು ಮೂತ್ರ ಪರೀಕ್ಷೆ ಮಾಡಿ ಕೀಟೋಸಿಸ್ ಎಂದರು, ಮೈಯ ಕೊಬ್ಬು ಅತಿಯಾಗಿ ಕರಗಿ ರಕ್ತದಲ್ಲಿ ಕೀಟೋನ್ ತುಂಬುವ ರೋಗ. ಗ್ಲೂಕೋಸ್ ಬಾಟಲಿಗಳು, ಬಾಯಿಗೆ ಹಾಕುವ ಔಷಧ. ಅಲ್ಲಿಗೆ ಇನ್ನೊಂದಿಷ್ಟು ಸಾವಿರ.

ದಲ್ಲಾಳಿಯ ಉತ್ತರ, ಈ ಸಲ ವಾಯ್ಸ್ ಮೆಸೇಜಿನಲ್ಲಿ: "ನೀವು ಹಿಂಡಿ ಕಡಿಮೆ ಹಾಕಿದ್ದೀರಿ." ತಿನ್ನದ ದನಕ್ಕೆ ಹಿಂಡಿ ಕಡಿಮೆ ಹಾಕಿದೆನಂತೆ.

ಮಾರ್ಚ್ ಬಂದರೂ ಬೆದೆಗೆ ಬರಲಿಲ್ಲ. ಸಾಮಾನ್ಯವಾಗಿ ಎರಡು ತಿಂಗಳೊಳಗೆ ಬೆದೆ ಕಾಣುತ್ತದೆ, ಆಮೇಲೆ ಗಬ್ಬ ಕಟ್ಟಿಸುವ ಇಂಜೆಕ್ಷನ್ (ಕೃತಕ ಗರ್ಭಧಾರಣೆ) ಕೊಡಿಸುತ್ತೇವೆ, ಎಲ್ಲರಿಗೂ ಗೊತ್ತಿರುವುದೇ. ಡಾಕ್ಟರು ಕೈ ಹಾಕಿ ನೋಡಿ ಅಂಡಾಶಯ ಕೆಲಸವನ್ನೇ ಶುರು ಮಾಡಿಲ್ಲ ಎಂದರು. ಕೊಬ್ಬಿದ ದನ ಕರು ಹಾಕಿದ ಮೇಲೆ ಸರಿಯಾಗಿ ತಿನ್ನುವುದಿಲ್ಲ. ತನ್ನ ಕೊಬ್ಬನ್ನೇ ಕರಗಿಸಿ ಹಾಲು ಮಾಡುತ್ತದೆ. ಕರಗಿದ ಕೊಬ್ಬು ಹೋಗಿ ಯಕೃತ್ತಿನಲ್ಲಿ ಕೂರುತ್ತದೆ. ತನ್ನ ಹೊಟ್ಟೆಗೇ ಸಾಲದಿರುವಾಗ ಮುಂದಿನ ಕರುವಿನ ಯೋಚನೆ ಶರೀರಕ್ಕೆ ಎಲ್ಲಿಯದು? "ಇದು ಇಷ್ಟು ಕೊಬ್ಬಿದ್ದು ಹೇಗೆ?" ಎಂದು ಕೇಳುತ್ತ, ಕಿವಿಗೆ ಗುರುತಿಗಾಗಿ ಹಾಕುವ ಹಳದಿ ಓಲೆಯ ಹನ್ನೆರಡು ಅಂಕೆಗಳನ್ನು ತಮ್ಮ ಮೊಬೈಲಿಗೆ ಹಾಕಿದರು.

ಆ ಕ್ಷಣ ಮರೆಯುವುದಿಲ್ಲ. ದನದ ದಾಖಲೆಯೆಲ್ಲ ಮೊಬೈಲಿನಲ್ಲಿ ಇತ್ತು. 2023ರ ಏಪ್ರಿಲ್‌ನಿಂದ 2024ರ ಮಾರ್ಚ್‌ವರೆಗೆ ಐದು ಸಲ ಗರ್ಭಧಾರಣೆ ಮಾಡಿಸಿದ್ದಾರೆ. ಐದು ಸಲ! ಡಾಕ್ಟರು ಅಲ್ಲಿಯೇ ನಿಂತು ಆ ಊರಿನ ಇಂಜೆಕ್ಷನ್ ಕೊಡುವವರಿಗೆ ಫೋನ್ ಮಾಡಿದರು. ಅವರು ನಗುತ್ತ, "ಆ ದನವಾ? ಕಳೆದ ಕರುವಿಗೂ ಹಾಲು ಜ್ವರ ಬಂದು ಮಲಗಿತ್ತು, ಮೇ ತಿಂಗಳಲ್ಲೇ ಹಾಲು ಬತ್ತಿತ್ತು" ಎಂದರು. ಗಬ್ಬ ನಿಲ್ಲುವುದು ತಡವಾಗಿ, ಕರು ಹಾಕುವ ಮೊದಲು ಎರಡು ತಿಂಗಳು ಮಾತ್ರ ಬತ್ತಿಸಬೇಕಾದ ದನ ಏಳು ತಿಂಗಳು ಹಾಲಿಲ್ಲದೆ ತಿಂದು ಬೆಳೆಸಿದ ಮೈ ಅದು. ಆ ಮೈಗೆ ನಾನು 78,000 ರೂಪಾಯಿ ಕೊಟ್ಟೆ. ಆ ಹಳದಿ ಓಲೆ ಮೊದಲ ದಿನದಿಂದ ಕಣ್ಣೆದುರೇ ನೇತಾಡುತ್ತಿತ್ತು, ನಾನೇ ಎಷ್ಟೋ ಸಲ ಅದರ ಮೇಲಿನ ಸಗಣಿ ಒರೆಸಿದ್ದೇನೆ.

ಆ ರಾತ್ರಿ ಹಳೆಯ ವಿಡಿಯೊ ಮತ್ತೆ ನೋಡಿದೆ. ಹಾಲು ಕರೆಯುವ ದನದ ಹಿಂದಿನ ಎಡಗಾಲು ಮೊಣಕಾಲಿನವರೆಗೆ ಬಿಳಿ. ನನ್ನ ಹಟ್ಟಿಯಲ್ಲಿರುವ ದನದ್ದು ಕಪ್ಪು. ಟಾರ್ಚ್ ಹಿಡಿದು ಹೋಗಿ ನೋಡಿಯೂ ಬಂದೆ, ಕಾಲಿನ ಬಣ್ಣ ಬದಲಾಗಿರಬಹುದೋ ಏನೋ ಎಂಬಂತೆ.

ದಲ್ಲಾಳಿಗೆ ಆ ವಿಡಿಯೊ, ನನ್ನ ದನದ ಕಾಲಿನ ಫೋಟೊ ಎರಡೂ ಕಳುಹಿಸಿದೆ. ಎರಡು ದಿನ ಬಿಟ್ಟು ಉತ್ತರ ಬಂತು: "ವಿಡಿಯೊ ತಪ್ಪಿ ಬಂದಿರಬೇಕು. ನಿಮ್ಮ ಹಟ್ಟಿಯ ದಿಕ್ಕು ಒಮ್ಮೆ ಯಾರಿಗಾದರೂ ತೋರಿಸಿ ಅಕ್ಕ." ಆಮೇಲೆ ಫೋನ್ ಎತ್ತಲಿಲ್ಲ. ಮುಂಗಡ 10,000 ಮಾತ್ರ ಮೊಬೈಲಿನಲ್ಲಿ ಹಾಕಿದ್ದು, ಉಳಿದದ್ದು ನಗದು, ಒಂದು ಚೀಟಿಯೂ ಇಲ್ಲ. ವಾರ ಕಳೆದು ಬೇರೆ ಯಾರೋ ಬಂದು "ಬೆದೆಗೆ ಬಾರದ ದನ ಇದೆಯಂತಲ್ಲ, 25,000ಕ್ಕೆ ಕೊಡುತ್ತೀರಾ?" ಎಂದು ಕೇಳಿದ. ನನ್ನ ದನ ಬೆದೆಗೆ ಬಂದಿಲ್ಲ ಎಂದು ಅವನಿಗೆ ಹೇಳಿದವರು ಯಾರು? ಅಂಗಳದಿಂದಲೇ ಕಳುಹಿಸಿದೆ.

ಕೊನೆಗೆ ಏಪ್ರಿಲ್ 2ಕ್ಕೆ ಬೆದೆಗೆ ಬಂತು. ಇಂಜೆಕ್ಷನ್ ಕೊಡಿಸಿದೆ. 23ಕ್ಕೆ ಮತ್ತೆ ಬೆದೆ. ಎಂದರೆ ಗಬ್ಬ ನಿಲ್ಲಲಿಲ್ಲ. ಇವತ್ತಿಗೆ ಕರು ಹಾಕಿ 131 ದಿನ.

ಗಬ್ಬದ ದನ ಕೊಳ್ಳುವವರು ಮೈ ನೋಡಿ ಮರುಳಾಗಬೇಡಿ. ಬಾಲದ ಬುಡಕ್ಕೆ ಕೈ ಹಾಕಿ, ಬೆರಳಿಗೆ ಬರೀ ಕೊಬ್ಬು ಸಿಕ್ಕಿದರೆ ಹಾಲು ಬತ್ತಿ ಎಷ್ಟು ತಿಂಗಳಾಯಿತು ಎಂದು ಕೇಳಿ. ಮಾರುವವನನ್ನು ಕೇಳಬೇಡಿ, ಅವನ ಅಕ್ಕಪಕ್ಕದವರನ್ನು ಕೇಳಿ. ನಿನ್ನೆ ಸ್ಟೇಟಸ್‌ಗೆ ಹಾಕಿದ ದನದ ಫೋಟೊವನ್ನು ಆ ದಲ್ಲಾಳಿ ಎಡಗಡೆಯಿಂದ ತೆಗೆದಿದ್ದಾನೆ, ಓಲೆ ಇರುವ ಕಿವಿ ಕಾಣುವುದಿಲ್ಲ. ಯಾರಾದರೂ ನೋಡಲು ಹೊರಟಿದ್ದರೆ ಮೊದಲು ಆ ಕಿವಿಯ ಫೋಟೊ ತರಿಸಿ, ನಂಬರನ್ನು ನಿಮ್ಮ ಊರಿನ ಪಶು ಆಸ್ಪತ್ರೆಯಲ್ಲಿ ತೋರಿಸಿ. ಮುಂಗಡ ಆಮೇಲೆ.