ಹಾಸಿಗಿ ಹಿಡಿದವರ ಹೆಬ್ಬೆಟ್ಟು ಒತ್ತಿಸಿ ಜಿಪಿಎ, ವಿಲ್ ಮಾಡಿಸ್ಕೊಡ್ತೀನಿ ಅನ್ನೋರಿದ್ದಾರ, ಹುಷಾರ್ ಇರ್ರಿ

ಕಲಬುರಗಿ ಮಂದಿ, ಮನ್ಯಾಗ ವಯಸ್ಸಾದವರಿದ್ರ ಇದನ್ನ ಪೂರ್ತಿ ಓದ್ರಿ. ಜಿಪಿಎ ಅಂದ್ರ ಜನರಲ್ ಪವರ್ ಆಫ್ ಅಟಾರ್ನಿ, ನಮ್ಮ ಪರವಾಗಿ ವ್ಯವಹಾರ ಮಾಡಾಕ ಇನ್ನೊಬ್ಬರಿಗಿ ಬರೆದುಕೊಡೋ ಅಧಿಕಾರ ಪತ್ರ. ನಮ್ಮ ಕಾಕಾಗ ಲಕ್ವಾ ಹೊಡದು ದವಾಖಾನಿಂದ ಮನಿಗಿ ಬಂದಾಗ ಮಾತು ನಿಂತಿತ್ತು, ಒಮ್ಮೊಮ್ಮೆ ಕಾಕುನ್ನೂ ಗುರುತು ಹಿಡೀತಿರಲಿಲ್ಲ. ಔಷಧಕ್ಕ ರೊಕ್ಕ ಬೇಕು, ರೊಕ್ಕ ಎಲ್ಲಾ ಅವರೊಬ್ಬರ ಹೆಸರಿನ ಖಾತೆದಾಗ, ನಾಮಿನಿ ಕಾಕುನೇ ಇದ್ರೂ ಅದು ಸತ್ತಮ್ಯಾಲಷ್ಟೇ ಕೆಲಸಕ್ಕ ಬರೋದು. ಆವಾಗ ಒಬ್ಬ ಏಜೆಂಟ್ ಬಂದು "ಯಾಕ ಚಿಂತಿ ಮಾಡ್ತೀರಿ ಅಕ್ಕೋರ, ಜಿಪಿಎ, ವಿಲ್ ಎರಡೂ ಕೂಡೇ ಮಾಡಿಬಿಡೋಣ" ಅಂದ. ಕಾಕಾನ ಕೈ ತಾನೇ ಹಿಡಿದು ಹೆಬ್ಬೆಟ್ಟು ಒತ್ತಿಸ್ದ, ಸಾಕ್ಷಿ ಸಹಿ ನನ್ನ ಆಫೀಸಿನ್ಯಾಗ ಹಾಕಿಸ್ತೀನಿ ಅಂತ ಕಾಗದ ತಗೊಂಡು ಹೋದ, ಫೀಸ್ ಪೂರ್ತಿ ಕೊಟ್ಟಮ್ಯಾಲನೇ ವಾಪಸ್ ಕೊಟ್ಟ.

ಬ್ಯಾಂಕಿನವರು ಆ ಜಿಪಿಎ ಒಪ್ಪಲಿಲ್ಲ. ವಕೀಲರು ಬಿಡಿಸಿ ಹೇಳಿದ್ರು, ಜಿಪಿಎ ಕೊಡೋರಿಗಿ ಏನು ಕೊಡ್ಲಿಕತ್ತೀನಿ ಅನ್ನೋ ಅರಿವಿರಬೇಕು, ಅಷ್ಟೇ ಅಲ್ಲ ಆರಾಮ ಇದ್ದಾಗ ಕೊಟ್ಟಿದ್ರೂ ಬುದ್ಧಿ ಸ್ವಾಧೀನ ತಪ್ಪಿದ ದಿನ ಇಲ್ಲಾ ಸತ್ತ ದಿನ ಅದು ಮುಗೀತು, 1872ರ ಕಾಂಟ್ರ್ಯಾಕ್ಟ್ ಕಾಯ್ದೆ ಸೆಕ್ಷನ್ 201. ಅಮೆರಿಕಾದಾಗ ಎಚ್ಚರ ತಪ್ಪಿದಮ್ಯಾಲೂ ನಡೆಯೋ ಪವರ್ ಆಫ್ ಅಟಾರ್ನಿ ಅದ, ಇಲ್ಲಾ ಅವರ ರೊಕ್ಕ, ಆಸ್ತಿ ನೋಡ್ಕೊಳ್ಳಾಕ ಕೋರ್ಟ್ ಕನ್ಸರ್ವೇಟರ್ ಅಂತ ಒಬ್ಬರನ್ನ ನೇಮಿಸ್ತದ. ನಮ್ಮಲ್ಲಿ 1987ರ ಮೆಂಟಲ್ ಹೆಲ್ತ್ ಕಾಯ್ದೆದಾಗ ಮಾನಸಿಕ ಕಾಯಿಲೆ ಇದ್ದೋರ ಆಸ್ತಿಗಿ ಕೋರ್ಟಿಂದ ಮ್ಯಾನೇಜರ್ ನೇಮಿಸೋ ದಾರಿ ಇತ್ತು, 2017ರ ಹೊಸ ಕಾಯ್ದೆದಾಗ ಅದನ್ನೂ ಕೈಬಿಟ್ಟಾರ. ಹಿಂಗಾಗಿ ಕೋಮಾದಾಗ ಇರೋರ ಮನಿಯವರು, ಅವರ ರೊಕ್ಕ ಆಸ್ತಿ ನೋಡ್ಕೊಳ್ಳಾಕ ನಮ್ಮನ್ನ ನೇಮಿಸ್ರಿ ಅಂತ ಹೈಕೋರ್ಟಿಗಿ ರಿಟ್ ಅರ್ಜಿ ಹಾಕಬೇಕಾಗ್ತದ, ಕೇರಳ ಹೈಕೋರ್ಟ್ 2019ರಾಗ ಇದಕ್ಕಂತ ಗೈಡ್‌ಲೈನ್ಸ್ ಕೊಟ್ಟದ. ಪುಣ್ಯಕ್ಕ ಹೈಕೋರ್ಟ್ ಪೀಠ ನಮ್ಮೂರಾಗೇ ಅದ, ಬೆಂಗಳೂರಿಗಿ ಓಡೋದು ಬ್ಯಾಡ. ಆದ್ರ ಅರ್ಜಿ ತಯಾರಾಗೋದ್ರೊಳಗ ಕಾಕಾ ಹೋಗಿಬಿಟ್ರು.

ಆಮೇಲೆ ವಿಲ್ ತೆಗೆದ್ವಿ. ಮನಿ ಕಾಕುಗ ಅಂತ ಬರದದ, ಇಬ್ಬರು ಸಾಕ್ಷಿಗಳ ಸಹಿನೂ ಅದ, ಆದ್ರ ಆ ಇಬ್ಬರೂ ಕಾಕಾನ ಮುಖಾನೇ ನೋಡಿಲ್ಲ! 1925ರ ಉತ್ತರಾಧಿಕಾರ ಕಾಯ್ದೆ ಸೆಕ್ಷನ್ 63 ಪ್ರಕಾರ ಸಹಿ ಇಲ್ಲಾ ಹೆಬ್ಬೆಟ್ಟು ಹಾಕೋದನ್ನ ಸಾಕ್ಷಿಗಳು ಕಣ್ಣಾರೆ ನೋಡಿರಬೇಕು, ಇಲ್ಲಾ ಇದು ನಂದೇ ಅಂತ ವಿಲ್ ಮಾಡಿದವರಿಂದಲೇ ಖಾತ್ರಿ ಮಾಡ್ಕೊಂಡಿರಬೇಕು, ತಮ್ಮ ಸಹಿನೂ ಅವರೆದುರಿಗೇ ಹಾಕಬೇಕು. ವಿಲ್ ಮ್ಯಾಲ ಅನುಮಾನ ಬಂದ್ರ ಅದನ್ನ ಕಳೆಯೋ ಭಾರ ವಿಲ್ ತಂದೋರ ಮ್ಯಾಲೇ ಅಂತ ಸುಪ್ರೀಂ ಕೋರ್ಟ್ 1958ರಾಗ ವೆಂಕಟಾಚಲ ಅಯ್ಯಂಗಾರ್ ಕೇಸಿನ್ಯಾಗೇ ಹೇಳ್ಯಾದ. ಇದು ಕೋರ್ಟಿನ್ಯಾಗ ನಿಲ್ಲಂಗಿಲ್ಲ ಅಂದ್ರು ವಕೀಲರು. ಈಗ ಕಾಕು, ಇಬ್ಬರು ಗಂಡಮಕ್ಕಳು, ಮಗಳು ಎಲ್ಲರಿಗೂ ಸಮಪಾಲು, ದೊಡ್ಡ ಮಗ ಮನಿ ಮಾರಿ ಹಂಚೋಣ ಅಂತ ಕುಂತಾನ, ಆ ಮನಿ ಕಟ್ಟಾಕ ಕಲ್ಲು ಮಣ್ಣು ಹೊತ್ತಾಕಿ ಈ ವಯಸ್ಸಿನ್ಯಾಗ ಎಲ್ಲಿಗಿ ಹೋಗಬೇಕ್ರಿ?

ದಯವಿಟ್ಟು ಹಿರಿಯರು ಮಾತಾಡಿಕೊಂಡು ಓಡಾಡಿಕೊಂಡು ಇದ್ದಾಗಲೇ ವಿಲ್ ಬರೆಸ್ರಿ, ಅದಕ್ಕ ಸ್ಟಾಂಪ್ ಪೇಪರ್ ಬೇಕಿಲ್ಲ, ರಿಜಿಸ್ಟರ್ ಕಡ್ಡಾಯ ಅಲ್ಲ, ಮಾಡಿಸಿದ್ರ ಒಳ್ಳೇದು. ಸಾಕ್ಷಿಗೆ ಪರಿಚಯದವರನ್ನ, ವಯಸ್ಸಿನ್ಯಾಗ ಸಣ್ಣವರನ್ನ ಕರೀರಿ, ಯಾಕಂದ್ರ ನಾಳೆ ಕೋರ್ಟಿಗಿ ಬಂದು ಹೇಳೋರು ಅವರೇ. ಉಳಿತಾಯ ಖಾತೆ ಗಂಡ ಹೆಂಡತಿ ಜಂಟಿ ಮಾಡಿ ಇಬ್ಬರಾಗ ಯಾರ ಸಹಿ ಇದ್ರೂ ನಡೀತದ ಅಂತ ಬ್ಯಾಂಕಿನ್ಯಾಗ ಬರಸ್ರಿ. ವಕೀಲರಿಗಿ ರೊಕ್ಕ ಇಲ್ಲ ಅಂತ ಏಜೆಂಟರ ಹಿಂದ ಹೋಗಬ್ಯಾಡ್ರಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಾಗ ಹೆಣ್ಮಕ್ಕಳಿಗಿ ಆದಾಯ ಎಷ್ಟಿದ್ರೂ ಪುಕ್ಕಟೆ ವಕೀಲರು ಸಿಗ್ತಾರ, ಕಾಕುನ ಅರ್ಜಿನೂ ಈಗ ಅಲ್ಲೇ ಕೊಟ್ಟೀವಿ.