ಮುಚ್ಚಿದ ಮಳೆನೀರಿನ ಸಂಪಿಗೆ ಯಾರನ್ನೂ ಹಾಗೆಯೇ ಇಳಿಸಬೇಡಿ

ಮುಂಗಾರಿಗೆ ಮುನ್ನ ಮಳೆನೀರಿನ ಸಂಪು ತೊಳೆಸುವ ಕೆಲಸ ಅನೇಕ ಮನೆಗಳಲ್ಲಿ ನಡೆಯುತ್ತಿರುವುದರಿಂದ, ಪಾವಗಡದ ಸಮೀಪ ನಮ್ಮ ಸೋದರಮಾವನವರ ಮನೆಯಲ್ಲಿ ಕಳೆದ ಬೇಸಿಗೆಯ ಕೊನೆಯಲ್ಲಿ ನಾನು ಕಣ್ಣಾರೆ ಕಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಆ ಭಾಗದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವುದಕ್ಕೂ ಅಡುಗೆಗೂ ತಾರಸಿಯ ನೀರನ್ನೇ ನೆಚ್ಚಿಕೊಂಡ ಮಾವ, ಅಂಗಳದಲ್ಲಿ ಆಳೆತ್ತರಕ್ಕೂ ಮಿಗಿಲಾದ ಕಾಂಕ್ರೀಟ್ ಸಂಪು ಕಟ್ಟಿಸಿದ್ದರು. ಕಟ್ಟಿದ ಗುತ್ತಿಗೆದಾರರು ಒಂದು ಮೂಲೆಯಲ್ಲಿ ಒಬ್ಬರು ಇಳಿಯುವಷ್ಟು ಒಂದೇ ಬಾಯಿ ಬಿಟ್ಟಿದ್ದರು. ಮೊದಲ ಮಳೆಯ ಕೊಳೆನೀರನ್ನು ಹೊರಗೆ ಬಿಡುವ ಕೊಳವೆಯನ್ನಾಗಲಿ, ಸೋಸುವ ವ್ಯವಸ್ಥೆಯನ್ನಾಗಲಿ ಮಾಡಿರಲಿಲ್ಲ. ಹೀಗಾಗಿ ಪಕ್ಕದ ಹೊಂಗೆ ಮರದ ಎಲೆ, ಹೂವು ನೀರಿನೊಡನೆ ಒಳಗಿಳಿದು, ಬೇಸಿಗೆಯಿಡೀ ಮುಚ್ಚಳದಡಿ ಕೊಳೆತು, ತಳದಲ್ಲಿ ಕಪ್ಪು ರಾಡಿಯಾಗಿ ನಿಂತಿತ್ತು.

ತೊಳೆಯಲು ಬಂದವರಲ್ಲಿ ಹಿರಿಯರೊಬ್ಬರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಏಣಿ ಇಳಿದರು. ಮೊದಲ ಬಕೆಟ್ ಮೇಲೆ ಬಂತು. ಎರಡನೆಯದಕ್ಕೆ ಕರೆದರೆ ಉತ್ತರವಿಲ್ಲ. ಟಾರ್ಚ್ ಬಿಟ್ಟು ನೋಡಿದಾಗ, ಅವರು ಗೋಡೆಗೆ ಒರಗಿ ದಣಿವಾರಿಸಿಕೊಳ್ಳುತ್ತಿರುವವರಂತೆ ಕುಳಿತಿದ್ದರು. ಬಕೆಟ್ಟಿನ ಹಿಡಿಕೆ ಇನ್ನೂ ಕೈಯಲ್ಲಿತ್ತು. ಕೂಗಲಿಲ್ಲ, ಕೆಮ್ಮಲೂ ಇಲ್ಲ. ಅವರ ಮಗ ಒಳಗೆ ಧುಮುಕಲು ಹೊರಟಿದ್ದ. ಮಾವ ಅವನನ್ನು ಗಟ್ಟಿಯಾಗಿ ತಬ್ಬಿ ಹಿಡಿದರು. ಉಳಿದವರೆಲ್ಲ ಸೇರಿ ಹಗ್ಗ ಎಳೆದು ಮೇಲಕ್ಕೆ ತಂದೆವು. ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟ ಮೇಲೆ ಅವರು ಚೇತರಿಸಿಕೊಂಡರು. ಆ ಹಗ್ಗ ಇಲ್ಲದಿದ್ದರೆ ಅವರೂ ಮಗನೂ ಇಬ್ಬರೂ ಉಳಿಯುತ್ತಿರಲಿಲ್ಲವೆಂದೇ ನಾನು ನಂಬಿದ್ದೇನೆ.

ನಾವು ಉಸಿರಾಡುವ ಗಾಳಿಯಲ್ಲಿ ಸುಮಾರು 21 ಶೇಕಡಾ ಆಮ್ಲಜನಕವಿರುತ್ತದೆ, 19.5ಕ್ಕಿಂತ ಕಡಿಮೆಯಾದರೆ ಆ ಜಾಗ ಸುರಕ್ಷಿತವಲ್ಲ. ಕೊಳೆಯುವ ಎಲೆ ಈ ಆಮ್ಲಜನಕವನ್ನು ತಿಂದುಹಾಕುವುದಲ್ಲದೆ, ಗಾಳಿಗಿಂತ ಭಾರವಾದ ಇಂಗಾಲದ ಡೈಆಕ್ಸೈಡನ್ನೂ ಹೈಡ್ರೋಜನ್ ಸಲ್ಫೈಡನ್ನೂ ಹೊರಬಿಡುತ್ತದೆ, ಅವು ತಳದಲ್ಲಿಯೇ ನಿಲ್ಲುತ್ತವೆ. ಕೊಳೆತ ಮೊಟ್ಟೆಯ ನಾತ ಬಾರದಿದ್ದರೆ ಅಪಾಯವಿಲ್ಲವೆಂದು ತಿಳಿಯಬಾರದು, ಏಕೆಂದರೆ ಹೈಡ್ರೋಜನ್ ಸಲ್ಫೈಡ್ ಹೆಚ್ಚಾದಾಗ ಮೂಗು ವಾಸನೆ ಹಿಡಿಯುವುದನ್ನೇ ನಿಲ್ಲಿಸುತ್ತದೆ. ದೀಪ ಇಳಿಸಿ ನೋಡುವ ಹಳೆಯ ಪದ್ಧತಿಯೂ ಸಾಲದು: ವಿಷಾನಿಲವಿದ್ದರೂ ದೀಪ ಉರಿಯಬಹುದು, ಮೀಥೇನ್ ಸೇರಿಕೊಂಡಿದ್ದರೆ ಬೆಂಕಿಯೂ ಹೊತ್ತಿಕೊಳ್ಳಬಹುದು. ಹೊಸ ಸಂಪಿಗೆ ಸೆಂಟ್ರಿಂಗ್ (ಕಾಂಕ್ರೀಟ್ ಗಟ್ಟಿಯಾಗುವವರೆಗೆ ಆಸರೆ ಕೊಡುವ ಹಲಗೆಗಳು) ಬಿಚ್ಚಲು ಇಳಿಯುವವರಿಗೂ ಇದೇ ಅಪಾಯವಿದೆ. ಮುಚ್ಚಿದ ಜಾಗದಲ್ಲಿ ಒದ್ದೆ ಹಲಗೆ ಕೊಳೆಯುವಾಗಲೂ ಆಮ್ಲಜನಕ ಖಾಲಿಯಾಗುತ್ತದೆ. ಇದನ್ನು ಮೇಸ್ತ್ರಿಗಳಿಗೆ ದಯವಿಟ್ಟು ತಿಳಿಸಿ.

ಸಾಧ್ಯವಾದಷ್ಟೂ ಯಾರೂ ಇಳಿಯದೆಯೇ ತೊಳೆಸಿ. ನೀರು ಬಿಟ್ಟು, ಉದ್ದನೆಯ ಬಿದಿರಿನಿಂದ ರಾಡಿಯನ್ನು ಕದಡಿ, ಪಂಪಿನಿಂದ ಹೊರಗೆ ಎತ್ತಿಸಬಹುದು. ಪೆಟ್ರೋಲ್ ಅಥವಾ ಡೀಸೆಲ್ ಪಂಪನ್ನು ಮಾತ್ರ ಸಂಪಿನೊಳಗಾಗಲಿ ಬಾಯಿಯ ಬಳಿಯಾಗಲಿ ಇಡಬೇಡಿ, ಅದರ ಹೊಗೆಯೇ ಕೊಲ್ಲುತ್ತದೆ. ಬ್ಲೀಚಿಂಗ್ ಪೌಡರಿನೊಡನೆ ಆಸಿಡ್ ಸೇರಿಸಿ ತೊಳೆಯಲು ಬಿಡಬೇಡಿ, ಕ್ಲೋರಿನ್ ಅನಿಲ ಏಳುತ್ತದೆ. ಇಳಿಯಲೇಬೇಕಾದರೆ ಮುಚ್ಚಳ ತೆಗೆದಿಟ್ಟರಷ್ಟೇ ಸಾಲದು: ಅನಿಲ ಅಳೆಯುವ ಉಪಕರಣವಿರುವವರನ್ನೇ ಕರೆಸಿ, ಬ್ಲೋಯರ್ ಕೊಳವೆಯನ್ನು ತಳದವರೆಗೆ ಬಿಟ್ಟು, ಒಳಗಿರುವಷ್ಟು ಹೊತ್ತೂ ಗಾಳಿ ಊದುತ್ತಿರಬೇಕು. ಯಾರಾದರೂ ಪ್ರಜ್ಞೆ ತಪ್ಪಿದರೆ ಇನ್ನೊಬ್ಬರು ಇಳಿಯದೆ, ಹಗ್ಗದಿಂದಲೇ ಎಳೆದು, ಕೂಡಲೇ 112ಕ್ಕೆ ಕರೆ ಮಾಡಿ.

ಹೊಸದಾಗಿ ಕಟ್ಟಿಸುವವರು ಎದುರುಬದುರು ಮೂಲೆಗಳಲ್ಲಿ ಎರಡು ಬಾಯಿಗಳನ್ನು, ತಳದಲ್ಲಿ ಪಂಪಿನ ಕಡೆಗೆ ಇಳಿಜಾರನ್ನು, ತಾರಸಿಯ ಕೊಳವೆಗೆ ಸೋಸುಕವನ್ನು ಕೇಳಿ ಮಾಡಿಸಿಕೊಳ್ಳಬೇಕು. 100 ಚದರ ಮೀಟರ್ ತಾರಸಿಯ ಮೇಲೆ 2 ಮಿಲಿಮೀಟರ್ ಮಳೆಯೆಂದರೆ 200 ಲೀಟರ್ ನೀರು. ಧೂಳು, ಹಕ್ಕಿಯ ಹಿಕ್ಕೆ, ಎಲೆಯ ಚೂರುಗಳಿರುವ ಈ ಮೊದಲ ನೀರನ್ನು ಹೊರಗೆ ಬಿಟ್ಟರೆ ತಳದಲ್ಲಿ ರಾಡಿ ಅಷ್ಟಾಗಿ ಸೇರುವುದಿಲ್ಲ, ಸಂಪಿಗೆ ಇಳಿಯುವ ಪ್ರಸಂಗವೂ ಅಪರೂಪವಾಗುತ್ತದೆ.